ಸೇವೆಗೂ ಪಾಠ ಬೇಕು; ಆದರೆ ಯಾವ ಪಾಠ?

ಕಳೆದ ಭಾನುವಾರ ಬೆಳಿಗ್ಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಹತ್ತನೆಯ ತರಗತಿಯಲ್ಲಿ ನನ್ನಿಂದ ವಿಜ್ಞಾನದ ಪಾಠ ಕೇಳಿದವನು. ಈಗ ಬ್ಯಾಂಕೊಂದರಲ್ಲಿ ಅಧಿಕಾರಿ. ತಲೆ ನನ್ನ ತಲೆಯಷ್ಟೇ ನರೆತಿದೆ. ಎರಡು ತಿಂಗಳ ಹಿಂದೆ ಅವನ ತಾಯಿಗೆ ಲಕ್ವ ಹೊಡೆದು ದೇಹದ ಬಲಭಾಗ ಸ್ವಾಧೀನ ತಪ್ಪಿದೆ. ಕಾಫಿ ಕುಡಿದಾದ ಮೇಲೆ ಚೀಲದಿಂದ ಮೂರು ಕಾಗದಗಳನ್ನು ತೆಗೆದು ನನ್ನ ಮುಂದಿಟ್ಟ.

"ಸಾರ್, ಮನೇಲಿ ರೋಗಿಗಳನ್ನ ನೋಡಿಕೊಳ್ಳೋರಿಗೆ ಟ್ರೈನಿಂಗ್ ಕೊಡ್ತಾರಂತೆ. ಮೂರು ಕೋರ್ಸ್ ವಿಚಾರಿಸಿಕೊಂಡು ಬಂದಿದೀನಿ. ನಮ್ಮನೆಯವಳನ್ನ ಯಾವುದಕ್ಕೆ ಸೇರಿಸಲಿ, ನೀವೇ ಹೇಳಿಬಿಡಿ."

ಮೊದಲನೆಯದು ಆರು ತಿಂಗಳ ಕೋರ್ಸು. ಶುಲ್ಕ 28 ಸಾವಿರ ರೂಪಾಯಿ. ಹೊಳೆಯುವ ಕಾಗದ, ಬಿಳಿಯ ಕೋಟು ತೊಟ್ಟು ನಗುವ ಹುಡುಗಿಯರ ಚಿತ್ರ, ಕೆಳಗೆ ದಪ್ಪಕ್ಷರದಲ್ಲಿ ಉದ್ಯೋಗದ ಭರವಸೆ. ಎರಡನೆಯದು ಆನ್‌ಲೈನ್ ತರಗತಿ. ಶನಿವಾರ ಸಂಜೆ 2 ಗಂಟೆಗಳ ಇಂಗ್ಲಿಷ್ ಉಪನ್ಯಾಸ, ಮುಗಿದ ಮರುಕ್ಷಣವೇ ಪ್ರಮಾಣಪತ್ರ. ಮೂರನೆಯದು ಧರ್ಮಾರ್ಥ ಆಸ್ಪತ್ರೆಯೊಂದು ಕೊಟ್ಟ ಜೆರಾಕ್ಸ್ ಹಾಳೆ. ನಾಲ್ಕು ಮಧ್ಯಾಹ್ನಗಳ ತರಬೇತಿ, ರೋಗಿಯ ಮನೆಯವರಿಗೆ ಮಾತ್ರ, ಕನ್ನಡದಲ್ಲಿ, ಬರುವಾಗ ರೋಗಿಯ ಡಿಸ್ಚಾರ್ಜ್ ಚೀಟಿಯನ್ನು ತರತಕ್ಕದ್ದು, ಶುಲ್ಕವಿಲ್ಲ. ಈ ಹಾಳೆಯನ್ನು ಅವನು ಎಲ್ಲಕ್ಕಿಂತ ಕೆಳಗೆ ಇಟ್ಟಿದ್ದ. ಏಕೆಂದು ಕೇಳಿದೆ. "ಇದರಲ್ಲಿ ಸರ್ಟಿಫಿಕೇಟೇ ಕೊಡಲ್ವಂತೆ ಸಾರ್" ಎಂದ.

ಅವನು ಆಡಿದ ಈ ಎರಡು ಮಾತುಗಳಲ್ಲಿ, ನಮ್ಮ ಸಮಾಜ ರೋಗಿಯ ಆರೈಕೆಯ ವಿಷಯದಲ್ಲಿ ಮಾಡುತ್ತಿರುವ ಎರಡು ತಪ್ಪುಗಳೂ ಅಡಗಿವೆ ಎಂದು ನನಗೆ ಅನ್ನಿಸಿತು. ಸರ್ಟಿಫಿಕೇಟಿನಿಂದ ಪಾಠವನ್ನು ಅಳೆಯುವುದು ಒಂದು. 'ನಮ್ಮನೆಯವಳನ್ನ' ಎಂಬುದು ಇನ್ನೊಂದು. ಅವನಿಗೆ ಅಂದು ಹೇಳಿದ್ದನ್ನೇ ಇಲ್ಲಿ ವಿಸ್ತರಿಸಿ ಬರೆಯುತ್ತಿದ್ದೇನೆ. ನನ್ನ ವಿದ್ಯಾರ್ಥಿಗಳಲ್ಲಿ ಬಹುಮಂದಿ ಈಗ ತಂದೆತಾಯಿಗಳ ಹಾಸಿಗೆಯ ಪಕ್ಕದಲ್ಲಿ ಕೂರುವ ವಯಸ್ಸಿಗೆ ಬಂದಿದ್ದೀರಿ. ನಿಮ್ಮಲ್ಲಿ ಕೆಲವರಿಗಾದರೂ ಇದು ಪ್ರಯೋಜನಕ್ಕೆ ಬಂದೀತು.

ಮೊದಲು ನನ್ನ ಅಜ್ಞಾನದ ಕತೆಯನ್ನು ಹೇಳಿಬಿಡುವುದು ನ್ಯಾಯ. 2016ರ ಆಗಸ್ಟಿನಲ್ಲಿ ನನ್ನ ಪತ್ನಿಗೆ ಇದೇ ಕಾಯಿಲೆ ಬಂದಿತು. ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದೆವು. ಕೈಗೆ ಕೊಟ್ಟದ್ದು ಔಷಧಗಳ ಪಟ್ಟಿ, ಬಿಲ್ಲು ಮತ್ತು ಮುಂದಿನ ಭೇಟಿಯ ದಿನಾಂಕ. ಹಾಸಿಗೆಯಲ್ಲಿ ಹೇಗೆ ಮಲಗಿಸಬೇಕು, ಹೇಗೆ ಹೊರಳಿಸಬೇಕು, ಹೇಗೆ ಉಣಿಸಬೇಕು ಎಂದು ಒಬ್ಬರೂ ತೋರಿಸಲಿಲ್ಲ. ನಾವೂ ಕೇಳಲಿಲ್ಲ. ಹೆಂಡತಿಯನ್ನು ನೋಡಿಕೊಳ್ಳಲು ಪಾಠವೇಕೆ, ಪ್ರೀತಿ ಸಾಲದೇ ಎಂಬ ಭಾವ ನನ್ನಲ್ಲೂ ಇತ್ತು.

ಪ್ರೀತಿ ಸಾಲಲಿಲ್ಲ. ಮೂರೇ ವಾರಗಳಲ್ಲಿ ಅವಳ ಬೆನ್ನಿನ ಕೆಳಭಾಗದಲ್ಲಿ ಬೆಡ್ ಸೋರ್ ಆಯಿತು. ಚರ್ಮ ಕೆಂಪಾದಾಗ, ರಕ್ತ ಚಲಿಸಲೆಂದು ನಾನೇ ಎಣ್ಣೆ ಹಚ್ಚಿ ತಿಕ್ಕಿದೆ. ನೆಂಟರೊಬ್ಬರು ತಂದುಕೊಟ್ಟ ಗಾಳಿ ತುಂಬುವ ರಬ್ಬರ್ ಬಳೆಯ ಮೇಲೆ ಕೂರಿಸಿದೆ. ಕೆಂಪಾದ ಚರ್ಮವನ್ನು ತಿಕ್ಕಿದರೆ ಒಳಗಿನ ಮಾಂಸಕ್ಕೆ ಇನ್ನಷ್ಟು ಪೆಟ್ಟು. ಬಳೆಯ ಅಂಚು ಸುತ್ತಲೂ ಒತ್ತಿ, ನಡುವಿನ ಚರ್ಮಕ್ಕೆ ಹೋಗುವ ರಕ್ತವನ್ನೇ ತಡೆಯುತ್ತದೆ. ಎರಡೂ ತಪ್ಪೆಂದು ತಿಳಿಯುವಷ್ಟರಲ್ಲಿ ಹುಣ್ಣು ಅಂಗೈಯಗಲವಾಗಿತ್ತು. ಎಬ್ಬಿಸಿ ಕೂರಿಸುವಾಗ ಸ್ವಾಧೀನವಿಲ್ಲದ ತೋಳನ್ನೇ ಹಿಡಿದು ಎಳೆಯುತ್ತಿದ್ದೆ. ಆ ಭುಜದ ನೋವು ಅವಳನ್ನು ಕೊನೆಯವರೆಗೂ ಬಿಡಲಿಲ್ಲ. ಅರ್ಧ ಮಲಗಿದ್ದಂತೆಯೇ ಕಾಫಿ ಕುಡಿಸಿ, ಅವಳು ಕೆಮ್ಮಿದಾಗ ಬೆನ್ನು ತಟ್ಟುತ್ತಿದ್ದೆ. ಆ ಕೆಮ್ಮು, ಕಾಫಿ ಅನ್ನನಾಳಕ್ಕೆ ಹೋಗದೆ ಶ್ವಾಸನಾಳಕ್ಕೆ ಹೋಗುತ್ತಿದೆ ಎಂಬುದರ ಸೂಚನೆ ಎಂದು ನನಗೆ ಗೊತ್ತಿರಲಿಲ್ಲ.

ಇದರಲ್ಲಿ ನನ್ನನ್ನು ಇಂದಿಗೂ ನಾಚಿಸುವ ಸಂಗತಿಯೊಂದಿದೆ. ಬಲವನ್ನು ವಿಸ್ತೀರ್ಣದಿಂದ ಭಾಗಿಸಿದರೆ ಒತ್ತಡ ಎಂದು 34 ವರ್ಷ ಕರಿಹಲಗೆಯ ಮೇಲೆ ಬರೆದವನು ನಾನು. ಮೊಳೆಯ ತುದಿ ಏಕೆ ಚೂಪಾಗಿರುತ್ತದೆ, ಒಂಟೆಯ ಪಾದ ಏಕೆ ಅಗಲವಾಗಿರುತ್ತದೆ ಎಂದು ನಿಮಗೆಲ್ಲ ಹೇಳಿಕೊಟ್ಟಿದ್ದೇನೆ. ಅಲುಗಾಡಲಾರದೆ ಮಲಗಿದ ಮನುಷ್ಯನ ಭಾರವೆಲ್ಲ ಬೆನ್ನಿನ ಬುಡ, ಸೊಂಟದ ಮೂಳೆ, ಹಿಮ್ಮಡಿಗಳಂತಹ ನಾಲ್ಕಾರು ಸಣ್ಣ ಜಾಗಗಳ ಮೇಲೆ ಬಿದ್ದು ಅಲ್ಲಿ ರಕ್ತಸಂಚಾರ ನಿಲ್ಲುತ್ತದೆ ಎಂಬುದು ಅದೇ ಪಾಠವಲ್ಲವೇ? ಸೂತ್ರ ನನ್ನ ತಲೆಯಲ್ಲಿತ್ತು, ಕೈಗೆ ಇಳಿದಿರಲಿಲ್ಲ. ಸನ್ನೆಗೋಲಿನ ತತ್ತ್ವವನ್ನು ಬೋಧಿಸಿದವನಿಗೆ ತನ್ನ ಹೆಂಡತಿಯನ್ನು ಹಾಸಿಗೆಯಿಂದ ಕುರ್ಚಿಗೆ ಎಬ್ಬಿಸಿ ಕೂರಿಸಲು ಬರಲಿಲ್ಲ.

ಕೊನೆಗೆ ಪರಿಚಿತ ವೈದ್ಯರೊಬ್ಬರ ಮೂಲಕ ನಿವೃತ್ತ ದಾದಿಯೊಬ್ಬರು ಮನೆಗೆ ಬಂದರು. ನಾಲ್ಕು ಮಧ್ಯಾಹ್ನ ಬಂದು, ಪ್ರತಿಯೊಂದನ್ನೂ ತಾವು ಒಮ್ಮೆ ಮಾಡಿ ತೋರಿಸಿ, ಆಮೇಲೆ "ಈಗ ನೀವು ಮಾಡಿ ಮೇಷ್ಟ್ರೇ" ಎಂದು ಪಕ್ಕದಲ್ಲಿ ನಿಂತು ನೋಡಿದರು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು. ಪೂರಾ ಪಕ್ಕಕ್ಕೆ ತಿರುಗಿಸದೆ, ಬೆನ್ನಿಗೆ ದಿಂಬು ಕೊಟ್ಟು ಸುಮಾರು 30 ಡಿಗ್ರಿ ಓರೆಯಾಗಿಸುವುದು. ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ಮಾಡುವುದು. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿ, ಬಿಳಿಚಿಕೊಳ್ಳದಿದ್ದರೆ ಅದೇ ಹುಣ್ಣಿನ ಮೊದಲ ಹಂತವೆಂದು ಗುರುತಿಸುವುದು. ಕುರ್ಚಿಯನ್ನು ಸ್ವಾಧೀನವಿರುವ ಮಗ್ಗುಲಿಗೆ ಇಟ್ಟು, ತೋಳನ್ನು ಬಿಟ್ಟು ಸೊಂಟಕ್ಕೆ ಕಟ್ಟಿದ ಪಟ್ಟಿಯನ್ನು ಹಿಡಿದು ಎಬ್ಬಿಸುವುದು. ನೆಟ್ಟಗೆ ಕೂರಿಸಿ, ಗದ್ದ ತುಸು ಬಗ್ಗಿಸಿ, ಸಣ್ಣ ಚಮಚದಲ್ಲಿ ಉಣಿಸಿ, ಉಂಡ ಮೇಲೆ ಅರ್ಧ ಗಂಟೆಯಾದರೂ ಮಲಗಿಸದಿರುವುದು. ಮೊದಲ ದಿನ ನಾನು ಎಲ್ಲವನ್ನೂ ತಪ್ಪು ಮಾಡಿದೆ. ನಾಲ್ಕನೆಯ ದಿನ ಅವರು ಏನನ್ನೂ ಹೇಳದೆ ಸುಮ್ಮನೆ ಕುಳಿತಿದ್ದರು. ನನ್ನ ಜೀವನದಲ್ಲಿ ನಾನು ಪಾಸಾದ ಅತ್ಯಂತ ಕಠಿಣ ಪರೀಕ್ಷೆ ಅದು. ಯಾರೂ ಅಂಕಪಟ್ಟಿ ಕೊಡಲಿಲ್ಲ. ಹುಣ್ಣು ಮಾಯಲು ಐದು ತಿಂಗಳು ಹಿಡಿಯಿತು, ಮತ್ತೆ ಬರಲಿಲ್ಲ. ಅವಳು ನಾಲ್ಕು ವರ್ಷ ಬದುಕಿದ್ದಳು.

ಆದ್ದರಿಂದ ನನ್ನ ವಾದ ಇಷ್ಟೇ. ಮನೆಯವರಿಗೆ ತರಬೇತಿ ಬೇಕೇ ಬೇಕು. ಆದರೆ ಆ ತರಬೇತಿಯನ್ನು ಆರಿಸಬೇಕಾದದ್ದು ನಿಮ್ಮ ಮನೆಯ ರೋಗಿಯ ದೇಹವನ್ನು ನೋಡಿ; ಗೋಡೆಗೆ ತೂಗುಹಾಕುವ ಚೌಕಟ್ಟನ್ನು ನೋಡಿ ಅಲ್ಲ.

ಪ್ರಮಾಣಪತ್ರ ಎಂದರೇನು? ಸಾವಿರಾರು ಮಕ್ಕಳ ಅಂಕಪಟ್ಟಿಗಳಿಗೆ ಸಹಿ ಹಾಕಿದವನಾಗಿ ಹೇಳುತ್ತೇನೆ: ಅದು ಅಪರಿಚಿತನೊಬ್ಬನಿಗೆ ನಮ್ಮ ಬಗ್ಗೆ ಕೊಡುವ ಭರವಸೆ. ಉದ್ಯೋಗ ಕೊಡುವವನು ನಮ್ಮನ್ನು ಅರಿಯನು. ಆದ್ದರಿಂದ ಅವನಿಗೆ ಕಾಗದ ಬೇಕು. ಹಾಸಿಗೆಯಲ್ಲಿರುವ ತಾಯಿಗೆ ಮಗನ ಬಗ್ಗೆ ಯಾವ ಕಾಗದ ಬೇಕು? ಅವಳಿಗೆ ಬೇಕಾದದ್ದು ನೋಯಿಸದೆ ಹೊರಳಿಸುವ ಕೈ. ಜನರಲ್ ಡ್ಯೂಟಿ ಅಸಿಸ್ಟೆಂಟ್, ಹೋಂ ಹೆಲ್ತ್ ಏಡ್ ಮುಂತಾದ ಕೋರ್ಸುಗಳು ನಮ್ಮ ದೇಶದ ಕೌಶಲ ತರಬೇತಿ ವ್ಯವಸ್ಥೆಯಲ್ಲಿ ಇವೆ. ಅವು ಉದ್ಯೋಗಕ್ಕಾಗಿ ರೂಪಿಸಿದ ಕೋರ್ಸುಗಳು. ಕೆಲಸ ಹುಡುಕುವ ಹುಡುಗ ಹುಡುಗಿಯರು ಅವಕ್ಕೆ ಸೇರಲಿ, ನನ್ನ ಆಕ್ಷೇಪವೇನೂ ಇಲ್ಲ. ಅವರು ನಾಳೆ ಯಾವ ಬಗೆಯ ರೋಗಿಯ ಬಳಿ ನಿಲ್ಲಬೇಕಾದೀತೋ ತಿಳಿಯದು, ಎಲ್ಲವನ್ನೂ ಕಲಿಯಲೇಬೇಕು. ಆದರೆ ನಿಮ್ಮ ಮನೆಯಲ್ಲಿರುವುದು ಒಬ್ಬರೇ ರೋಗಿ, ಮತ್ತು ಅವರಿಗೆ ಆರೈಕೆ ಬೇಕಾಗಿರುವುದು ಇಂದು ರಾತ್ರಿ. ಆರು ತಿಂಗಳ ಅನಂತರ ಬರುವ ವಿದ್ಯೆಗಾಗಿ ಬೆನ್ನಿನ ಚರ್ಮ ಕಾಯುವುದಿಲ್ಲ.

ನನ್ನ ಬಂಧುಗಳ ಮನೆಯ ಸೊಸೆಯೊಬ್ಬಳು ಇಂತಹದೊಂದು ಕೋರ್ಸಿಗೆ ಸಾಲ ಮಾಡಿ ಸೇರಿದಳು. ಆಕೆಯ ಮಾವನವರಿಗೆ ಮರೆವಿನ ಕಾಯಿಲೆ. ರಾತ್ರಿ ಎದ್ದು 'ನನ್ನ ಮನೆಗೆ ಹೋಗಬೇಕು' ಎಂದು ಬಾಗಿಲು ಬಡಿಯುತ್ತಿದ್ದರು. ತರಗತಿಯಲ್ಲಿ ಆಕೆ ಪ್ಲಾಸ್ಟಿಕ್ ಬೊಂಬೆಯ ಹಾಸಿಗೆಯ ಮೂಲೆಗಳನ್ನು ಮಡಿಸುವುದನ್ನೂ ಆಸ್ಪತ್ರೆಯ ರಿಜಿಸ್ಟರು ತುಂಬುವುದನ್ನೂ ಕಲಿತಳು. ಬಾಗಿಲು ಬಡಿಯುವ ಮಾವನೊಡನೆ ವಾದಿಸದೆ, ಕೈಹಿಡಿದು, ಆ ಮನೆಯ ಬಗೆಗೇ ಮಾತಾಡಿಸುತ್ತಾ ಒಂದು ಸುತ್ತು ನಡೆಸಿಕೊಂಡು ಬರಬಹುದೆಂದು ಯಾರೂ ಹೇಳಿಕೊಡಲಿಲ್ಲ. ಸರ್ಟಿಫಿಕೇಟು ಈಗಲೂ ಬೀರುವಿನಲ್ಲಿದೆ.

ಕಾಯಿಲೆಗೊಂದು ಪಾಠ ಬೇರೆ. ಮರೆವಿನ ಕಾಯಿಲೆಯವರ ಮನೆಯವರಿಗೆಂದೇ ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ 'ಐ-ಸಪೋರ್ಟ್' ಎಂಬ ಪಾಠಮಾಲೆಯನ್ನು ಹೊರತಂದಿತು. ಅದರಲ್ಲಿ 5 ಭಾಗಗಳು, 23 ಪಾಠಗಳು. ಕಾಯಿಲೆಯ ಪರಿಚಯ, ಆರೈಕೆದಾರನ ಪಾತ್ರ, ಆರೈಕೆದಾರ ತನ್ನನ್ನು ತಾನು ನೋಡಿಕೊಳ್ಳುವ ಬಗೆ, ದಿನನಿತ್ಯದ ಆರೈಕೆ, ಬದಲಾದ ನಡವಳಿಕೆಯನ್ನು ನಿಭಾಯಿಸುವ ಬಗೆ, ಇವು ಆ ಐದು ಭಾಗಗಳು. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ತಜ್ಞರು ಇದನ್ನು ಭಾರತದ ಕುಟುಂಬಗಳಲ್ಲಿ ಪ್ರಯೋಗಿಸಿ ನೋಡಿದ್ದಾರೆ. ಅದಕ್ಕೆ ಶುಲ್ಕವಿಲ್ಲ. ಆನ್‌ಲೈನ್ ಪಾಠವೆಂದರೆ ಎಲ್ಲವೂ ನಿಷ್ಪ್ರಯೋಜಕ ಎಂದು ನಾನು ಹೇಳುತ್ತಿಲ್ಲ ಎಂಬುದಕ್ಕೆ ಇದೇ ಸಾಕ್ಷಿ. ನಡವಳಿಕೆಯನ್ನು ಅರಿಯಲು, ಸಹನೆಯನ್ನು ಬೆಳೆಸಿಕೊಳ್ಳಲು ಓದಿ ಕಲಿಯುವ ಪಾಠ ನೆರವಾಗುತ್ತದೆ. ಆದರೆ ಎಬ್ಬಿಸುವುದು, ಹೊರಳಿಸುವುದು, ಮೂಗಿನ ಕೊಳವೆಯಲ್ಲಿ ಆಹಾರ ಕೊಡುವುದು ಇವೆಲ್ಲ ಕೈಕೆಲಸಗಳು. ಪರದೆಯ ಮೇಲಿನ ಗುರು ಶಿಷ್ಯನ ಕೈಯನ್ನು ನೋಡುವುದಿಲ್ಲ. ಈಜುವುದನ್ನು ಪುಸ್ತಕದಿಂದ ಕಲಿತವನನ್ನು ಕೆರೆಗೆ ಇಳಿಸಿ ನೋಡಿ, ಗೊತ್ತಾಗುತ್ತದೆ.

ಹುಟ್ಟಿನಿಂದಲೇ ಮೆದುಳಿನ ತೊಂದರೆಯಿರುವ ಮಕ್ಕಳ ಪೋಷಕರಿಗೆ ಬೇಕಾದ ಪಾಠ ಮತ್ತೊಂದು. ಆಟಿಸಂ, ಸೆರೆಬ್ರಲ್ ಪಾಲ್ಸಿ ಮುಂತಾದವುಗಳಿಗಾಗಿಯೇ 1999ರ ಕಾಯಿದೆಯಂತೆ ರಾಷ್ಟ್ರೀಯ ನ್ಯಾಸ ಸ್ಥಾಪನೆಯಾಗಿದೆ. ಅಲ್ಲಿಂದ ವಿಚಾರಣೆ ಆರಂಭಿಸಬೇಕು. ವಾಸಿಯಾಗದ ಕ್ಯಾನ್ಸರಿನ ರೋಗಿ ಮನೆಯಲ್ಲಿದ್ದರೆ ನೋವು ನಿವಾರಣೆಯನ್ನು ಬಲ್ಲವರೇ ಕಲಿಸಬೇಕು. ಕೇರಳದ ಕೋಳಿಕ್ಕೋಡಿನಲ್ಲಿ 1993ರಲ್ಲಿ ಆರಂಭವಾದ ಉಪಶಾಮಕ ಆರೈಕೆಯ ಕೆಲಸ ಮುಂದೆ ನೆರೆಹೊರೆಯ ಸ್ವಯಂಸೇವಕರ ಜಾಲವಾಗಿ ಬೆಳೆಯಿತು. 2008ರಲ್ಲಿ ಅಲ್ಲಿನ ಸರ್ಕಾರ ಇದಕ್ಕೆಂದೇ ನೀತಿಯನ್ನು ಪ್ರಕಟಿಸಿತು. ದಾದಿ ಮನೆಗೆ ಹೋಗಿ, ಅದೇ ಮನೆಯ ಮಂಚದ ಬಳಿ, ಅದೇ ಮನೆಯ ಬಕೆಟ್ಟು ಬಟ್ಟೆಗಳಿಂದಲೇ ಮನೆಯವರಿಗೆ ಕಲಿಸುವುದು ಆ ಪದ್ಧತಿಯ ತಿರುಳು. ಬೆಂಗಳೂರಿನ ಕರುಣಾಶ್ರಯವೂ ಕ್ಯಾನ್ಸರಿನ ಕೊನೆಯ ಹಂತದ ರೋಗಿಗಳನ್ನು ಶುಲ್ಕವಿಲ್ಲದೆ ನೋಡಿಕೊಳ್ಳುತ್ತಾ ಬಂದಿದೆ.

ಆಸ್ಪತ್ರೆಯ ವಾರ್ಡಿನಲ್ಲಿಯೇ ಮನೆಯವರಿಗೆ ಕಲಿಸಿ ಕಳುಹಿಸುವುದು ಅಸಾಧ್ಯವೇ? ಬೆಂಗಳೂರಿನಲ್ಲಿಯೇ ಕೆಲಸ ಆರಂಭಿಸಿದ ನೂರಾ ಹೆಲ್ತ್ ಎಂಬ ಸಂಸ್ಥೆ ಅದನ್ನೇ ಮಾಡುತ್ತಿದೆ. ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳ ಸರ್ಕಾರಿ ಆಸ್ಪತ್ರೆಗಳಲ್ಲಿ ದಾದಿಯರನ್ನು ಸಜ್ಜುಗೊಳಿಸಿ, ಅವರಿಂದ ರೋಗಿಯ ಮನೆಯವರಿಗೆ ಪಾಠ ಹೇಳಿಸುತ್ತಿದೆ. ಸರ್ಕಾರಿ ವಾರ್ಡಿನ ಗದ್ದಲದಲ್ಲಿ ಆಗುವುದು, ಲಕ್ಷಗಟ್ಟಲೆ ಬಿಲ್ಲು ಮಾಡುವ ಆಸ್ಪತ್ರೆಯಲ್ಲಿ ಏಕೆ ಆಗದು? ಬಿಲ್ಲಿನ ಪ್ರತಿಯೊಂದು ಸಾಲನ್ನೂ ನಾವು ಪರಿಶೀಲಿಸುತ್ತೇವೆ. 'ಇವರನ್ನು ಹೊರಳಿಸುವುದನ್ನು ನನ್ನ ಕೈಯಲ್ಲಿ ಮಾಡಿಸಿ ತೋರಿಸಿ, ಆಮೇಲೆ ಡಿಸ್ಚಾರ್ಜ್ ಮಾಡಿ' ಎಂದು ಕೇಳಲು ಮಾತ್ರ ನಾಲಗೆ ಏಳುವುದಿಲ್ಲ. ಕೇಳಿ. ಕೇಳದವರಿಗೆ ಯಾರೂ ಕೊಡುವುದಿಲ್ಲ.

ಇನ್ನು, ಕೋರ್ಸು ಆರಿಸುವಾಗ ಕೇಳಬೇಕಾದ ಪ್ರಶ್ನೆಗಳು. ಮೇಷ್ಟರ ಚಾಳಿ, ಸಂಖ್ಯೆ ಹಾಕಿಯೇ ಬರೆಯುತ್ತೇನೆ.

1. ನಮ್ಮ ರೋಗಿಯ ಕಾಯಿಲೆ ಏನು ಎಂದು ಅವರು ಮೊದಲು ಕೇಳಿದರೇ? ಕಾಯಿಲೆಗೆ ಮುನ್ನ ಶುಲ್ಕದ ಮಾತು ಎತ್ತಿದರೆ ಎದ್ದು ಬನ್ನಿ.

2. ಕಲಿಸುವವರು ಯಾರು? ರೋಗಿಗಳನ್ನು ಕೈಯಾರೆ ನೋಡಿಕೊಂಡ ದಾದಿಯೋ ಫಿಸಿಯೋಥೆರಪಿಸ್ಟೋ ಆಗಿರಬೇಕು. ಚೆನ್ನಾಗಿ ಮಾತಾಡುವವರೆಲ್ಲ ಚೆನ್ನಾಗಿ ಕಲಿಸುವುದಿಲ್ಲ. ಇದು ನನ್ನ ವೃತ್ತಿಯ ಅನುಭವ.

3. ನಮ್ಮ ಕೈಯಲ್ಲಿ ಮಾಡಿಸುತ್ತಾರೆಯೇ, ಮಾಡುವಾಗ ನಿಂತು ನೋಡಿ ತಿದ್ದುತ್ತಾರೆಯೇ? ಐವತ್ತು ಜನರ ಸಭಾಂಗಣದಲ್ಲಿ ಇದು ಆಗುವ ಕೆಲಸವಲ್ಲ.

4. ಮನೆಮಾತಿನಲ್ಲಿ ಕಲಿಸುತ್ತಾರೆಯೇ? ನಡುರಾತ್ರಿ ಗಾಬರಿಯಾದಾಗ ನೆನಪಿಗೆ ಬರುವುದು ಮನೆಮಾತು ಮಾತ್ರ.

5. ಯಾವ ಲಕ್ಷಣ ಕಂಡರೆ ಆಸ್ಪತ್ರೆಗೆ ಧಾವಿಸಬೇಕು ಎಂಬುದನ್ನು ಹೇಳಿಕೊಡುತ್ತಾರೆಯೇ? ತರಬೇತಿ ಮುಗಿದ ಮೇಲೂ ಸಂಶಯ ಬಂದರೆ ಕೇಳಲು ಒಂದು ಫೋನ್ ನಂಬರ್ ಕೊಡುತ್ತಾರೆಯೇ?

6. ನೋಡಿಕೊಳ್ಳುವವರ ಬೆನ್ನು, ನಿದ್ದೆ, ಮನಸ್ಸು ಇವುಗಳ ಬಗ್ಗೆ ಒಂದು ಪಾಠವಾದರೂ ಇದೆಯೇ? ರೋಗಿಯನ್ನು ತಪ್ಪಾಗಿ ಎತ್ತಿ ತಾವೇ ಹಾಸಿಗೆ ಹಿಡಿದವರನ್ನು ಕಂಡಿದ್ದೇನೆ. ಮನಸ್ಸು ಕುಸಿದಾಗ ಮಾತಾಡಲು 14416 ಎಂಬ ಟೆಲಿ ಮಾನಸ್ ಸಹಾಯವಾಣಿ 2022ರಿಂದ ಇದೆ. ನನ್ನ ಕಾಲಕ್ಕೆ ಅದಿರಲಿಲ್ಲ. ಸಂಕೋಚವಿಲ್ಲದೆ ಬಳಸಿಕೊಳ್ಳಿ.

ಆರರಲ್ಲಿ ಮೂರನೆಯ ಪ್ರಶ್ನೆಗೆ 'ಇಲ್ಲ' ಎಂಬ ಉತ್ತರ ಬಂದರೆ, ಉಳಿದವುಗಳಿಗೆ ಎಂಥ ಉತ್ತರ ಬಂದರೂ ಲಕ್ವದ ರೋಗಿಯ ಮನೆಯವರಿಗೆ ಆ ಕೋರ್ಸು ಸಾಲದು.

'ದುಡ್ಡು ಕೊಟ್ಟರೆ ಹೋಂ ನರ್ಸ್ ಸಿಗುತ್ತಾರೆ, ನಾವೇಕೆ ಕಲಿಯಬೇಕು?' ಎಂದು ಕೇಳುವವರೂ ಇದ್ದಾರೆ. ಇಟ್ಟುಕೊಳ್ಳಿ; ಶಕ್ತಿಯಿದ್ದವರು ಇಟ್ಟುಕೊಳ್ಳಲೇಬೇಕು. ಆದರೆ ಅವರೂ ಹಬ್ಬಕ್ಕೆ ಊರಿಗೆ ಹೋಗುತ್ತಾರೆ, ಅವರ ಮಗುವಿಗೂ ಜ್ವರ ಬರುತ್ತದೆ. ಅದಕ್ಕಿಂತ ಮುಖ್ಯವಾಗಿ, ಸರಿಯಾದ ರೀತಿ ಯಾವುದೆಂದು ತಿಳಿಯದ ಮನೆಯವನು, ಬಂದವರು ಸರಿಯಾಗಿ ಮಾಡುತ್ತಿದ್ದಾರೋ ಇಲ್ಲವೋ ಎಂದು ಹೇಗೆ ಅರಿತಾನು? ಲೆಕ್ಕ ಬಾರದವನು ಲೆಕ್ಕಿಗನನ್ನು ಇಟ್ಟುಕೊಂಡ ಹಾಗಾಯಿತು.

ಈಗ ಆ ಇನ್ನೊಂದು ಮಾತಿಗೆ ಬರುತ್ತೇನೆ: 'ನಮ್ಮನೆಯವಳನ್ನ'. ರೋಗಿ ಯಾರ ತಾಯಿ? ಅವನ ತಾಯಿ. ಪಾಠಕ್ಕೆ ಹೋಗಬೇಕಾದವಳು ಯಾರು? ಅವನ ಹೆಂಡತಿ! ಆಕೆಯೂ ಶಾಲೆಯೊಂದರಲ್ಲಿ ಶಿಕ್ಷಕಿ. ಬೆಳಿಗ್ಗೆ ಐದಕ್ಕೆ ಎದ್ದು ಅಡಿಗೆ ಮಾಡಿಟ್ಟು ಹೋಗುವವಳು. ಹಿರಿಯ ನಾಗರಿಕರ ಪೋಷಣೆಯ ಬಗ್ಗೆ 2007ರಲ್ಲಿ ಸಂಸತ್ತು ಮಾಡಿದ ಕಾಯಿದೆಯನ್ನು ತೆರೆದು ನೋಡಿ. ಅಲ್ಲಿ 'ಮಕ್ಕಳು' ಎಂಬ ಪದದ ವ್ಯಾಖ್ಯೆಯಲ್ಲಿರುವುದು ಮಗ, ಮಗಳು, ಮೊಮ್ಮಗ, ಮೊಮ್ಮಗಳು. ಸೊಸೆ ಎಂಬ ಪದ ಅಲ್ಲಿಲ್ಲ. ಕಾನೂನು ಹೊರಿಸದ ಹೊರೆಯನ್ನು ನಮ್ಮ ಸಂಪ್ರದಾಯ ಸದ್ದಿಲ್ಲದೆ ಆಕೆಯ ತಲೆಯ ಮೇಲಿಟ್ಟು, ಅದಕ್ಕೆ ಸೇವೆ, ಪುಣ್ಯ ಎಂದು ಹೆಸರಿಟ್ಟಿದೆ. ಪುಣ್ಯವೇ ಆಗಿದ್ದರೆ ಗಂಡಸರು ಅದನ್ನು ಇಷ್ಟು ಉದಾರವಾಗಿ ಬಿಟ್ಟುಕೊಡುತ್ತಿದ್ದರೇ?

ಆಕೆ ಕಲಿಯಬಾರದು ಎಂದಲ್ಲ. ಎರಡು ಗಂಟೆಗೊಮ್ಮೆ ಹೊರಳಿಸುವ ಕೆಲಸ ಎಂದರೆ ದಿನಕ್ಕೆ ಹನ್ನೆರಡು ಸಲ. ಅದರಲ್ಲಿ ನಾಲ್ಕಾದರೂ ನಿದ್ದೆಯ ಹೊತ್ತಿನಲ್ಲಿ. ಇದನ್ನು ಒಬ್ಬರೇ ಮಾಡುವ ಮನೆಯಲ್ಲಿ ಮೂರು ತಿಂಗಳಿಗೆ ಇಬ್ಬರು ರೋಗಿಗಳಾಗುತ್ತಾರೆ. ಆದ್ದರಿಂದ ಪಾಠಕ್ಕೆ ಕನಿಷ್ಠ ಇಬ್ಬರು ಹೋಗಬೇಕು. ಆ ಇಬ್ಬರಲ್ಲಿ ಮೊದಲ ಹೆಸರು, ಯಾರ ತಂದೆಯೋ ತಾಯಿಯೋ ಅವರದಾಗಿರಬೇಕು. ತಾಯಿಯ ಮೈ ತೊಳೆಯಲು ಮಗ ಸಂಕೋಚಪಡುತ್ತಾನೆ ಎನ್ನುತ್ತಾರೆ. ತಾಯಿಯ ಸಂಕೋಚಕ್ಕೆ ಮನ್ನಣೆ ಕೊಡಬೇಕು, ನಿಜ. ಆ ಕೆಲಸವನ್ನು ಹೆಂಗಸರಿಗೆ ಬಿಡಿ. ಹೊರಳಿಸಲು, ಎಬ್ಬಿಸಲು, ಉಣಿಸಲು, ರಾತ್ರಿ ಎಚ್ಚರವಿರಲು ಯಾವ ಸಂಕೋಚ?

ಇಷ್ಟನ್ನೂ ಕೇಳಿದ ನನ್ನ ವಿದ್ಯಾರ್ಥಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ರಜಾ ಸಿಗೋದು ಕಷ್ಟ ಸಾರ್, ಈಗ ಆಡಿಟ್ ನಡೀತಿದೆ" ಎಂದ. "ಹತ್ತನೇ ಕ್ಲಾಸಿನಲ್ಲಿ ನಿನಗೆ ಟೈಫಾಯಿಡ್ ಆಗಿ ಒಂದು ತಿಂಗಳು ಮಲಗಿದ್ದಾಗ, ನಿಮ್ಮಮ್ಮ ತೋಟದ ಕೂಲಿ ಬಿಟ್ಟು ನಿನ್ನ ಪಕ್ಕ ಕೂತಿದ್ದರಲ್ಲಪ್ಪಾ, ಅವರಿಗೆ ಯಾರು ರಜಾ ಕೊಟ್ಟಿದ್ದರು?" ಎಂದು ಕೇಳಿದೆ. ಹಾಗೆ ಕೇಳಬಾರದಿತ್ತೇನೋ; ಅವನ ಕಣ್ಣು ತುಂಬಿತು. ಆದರೆ ಕೇಳಿದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ.

ಹೊರಡುವಾಗ ಹೊಳೆಯುವ ಕಾಗದ ನಮ್ಮ ಮನೆಯಲ್ಲೇ ಉಳಿಯಿತು. ಜೆರಾಕ್ಸ್ ಹಾಳೆಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡ. ನಿನ್ನೆ ಸಂಜೆ ಫೋನ್ ಮಾಡಿದ್ದ. ಇಬ್ಬರ ಹೆಸರನ್ನೂ ಬರೆಸಿದ್ದಾನಂತೆ, ಬುಧವಾರದಿಂದ ಪಾಠ. "ನಿಮ್ಮ ಕ್ಲಾಸಿಗಿಂತ ಕಷ್ಟ ಇರುತ್ತಾ ಸಾರ್?" ಎಂದು ಕೇಳಿದ. ಇರುತ್ತದೆ ಎಂದೆ.